ಟ್ಯೂಬ್‌ಲೈಟ್ ಆರಿಸಿದ ಅಣ್ಣನಿಗೆ
ತಂಗಿಯ ಫೋಟೊ ಅವತ್ತೇ ಕಳಿಸಬೇಕಿತ್ತು. ಎಷ್ಟು ಸಲ ತೆಗೆದರೂ ಕಣ್ಣಿನ ಕೆಳಗೆ ಕಪ್ಪು ನೆರಳು, ಮೂಗು ಊದಿದ ಹಾಗೆ. ಪಕ್ಕದ ಮನೆಗೆ ಬಂದಿದ್ದ ನೀವು ಮೊದಲು ಟ್ಯೂಬ್‌ಲೈಟ್ ಆರಿಸಿದಿರಿ. ನೆತ್ತಿಯ ಮೇಲಿನ ಬೆಳಕೇ ಆ ನೆರಳಿಗೆ ಕಾರಣ. ಕಿಟಕಿ ಬೆಳಕಿನ ಜೊತೆ ಬೆರೆತರೆ ಮುಖದ ಬಣ್ಣವೂ ಕೆಡುತ್ತದೆ. ಕುರ್ಚಿಯನ್ನು ಕಿಟಕಿಯಿಂದ 3 ಅಡಿ ದೂರದಲ್ಲಿ ಓರೆಯಾಗಿಟ್ಟು, ಕಿಟಕಿ ಬೆಳಕು ತಿರುಗಿ ಬೀಳಲೆಂದು ಕತ್ತಲಿದ್ದ ಕೆನ್ನೆಯ ಕಡೆ ಬಿಳಿ ಬೆಡ್‌ಶೀಟ್ ಹಿಡಿದು ನಿಂತಿರಿ, ಕೈ ನೋಯುವಷ್ಟು ಹೊತ್ತು. ತೀರಾ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಾಣುತ್ತದೆಂದು ನನ್ನನ್ನು 6 ಅಡಿ ಹಿಂದೆ ನಿಲ್ಲಿಸಿ 2 ಪಟ್ಟು ಜೂಮ್ ಮಾಡಿಸಿದಿರಿ. ಫೋಕಸ್ ಕಣ್ಣಿನ ಮೇಲಿಟ್ಟು, ಕ್ಯಾಮೆರಾದಲ್ಲಿ ಬೆಳಕು ಒಂಚೂರು ಕಮ್ಮಿ ಮಾಡಿಸಿದಿರಿ. "ನಗಬೇಡಮ್ಮ, ಸುಮ್ಮನೆ ಉಸಿರು ಬಿಡು" ಎಂದಿರಿ. ಬಿಗಿದಿದ್ದ ಭುಜ ಇಳಿಯಿತು. ಆ ಕ್ಷಣದ ಫೋಟೊವನ್ನೇ ಕಳಿಸಿದೆವು. ಹೆಸರು ಕೇಳುವಷ್ಟರಲ್ಲಿ ನೀವು ಬೆಡ್‌ಶೀಟ್ ಮಡಚಿಟ್ಟು ಹೊರಟಿದ್ದಿರಿ. ತುಂಬಾ ಥ್ಯಾಂಕ್ಸ್ ಅಣ್ಣ.