ದಾರಿ ತಪ್ಪೋ ಮಜಾ ಮಂಡಿ ನೋವಿದ್ದೋರಿಗಲ್ಲ

ಸಂಪಾದಕರೇ ನಮಸ್ಕಾರ,

ಮೊನ್ನೆ ಭಾನುವಾರದ ಪುರವಣೀಲಿ ಇಟಲಿಯ ಕಾಲುವೆ ಊರು ವೆನಿಸ್ ಬಗ್ಗೆ ಬಂದ ಲೇಖನ ಓದ್ದೆ, ಅಲ್ಲಿ ದಾರಿ ತಪ್ಪೋದೇ ಒಂದು ಮಜಾ ಅಂತ ಬರೆದಿದ್ರು. ಮ್ಯೂನಿಕ್‌ನಲ್ಲಿರೋ ಮಗಳ ಮನೆಗೆ ಹೋದಾಗ ಅಲ್ಲಿಂದ ವೆನಿಸ್‌ಗೂ ಹೋಗಿ ನಾನೂ ನಮ್ಮನೆಯವಳೂ ಆ ಮಜಾನ ಮೂರು ಗಂಟೆ ಅನುಭವಿಸಿ ಬಂದಿದ್ದೀವಿ. ನಂಗೆ 64, ಅವಳಿಗೆ ಮಂಡಿ ನೋವು, ಆ ಊರಲ್ಲಿ 400ಕ್ಕೂ ಹೆಚ್ಚು ಸೇತುವೆ, ಬಹುಪಾಲಿಗೆ ಮೆಟ್ಲು.

ಮೊದಲ ತಪ್ಪು ನಂದೇ. ಅವೆನ್ಯೂ ರೋಡ್ ಫುಟ್‌ಪಾತಲ್ಲಿ 150 ರೂಪಾಯಿಗೆ ಸಿಕ್ತು ಅಂತ ಹಳೇ ಗೈಡ್ ಬುಕ್ ತಗೊಂಡು ಹೋಗಿದ್ದೆ, "ಅಪ್ಪಾ ಅದು ಯಾವ ಕಾಲದ್ದೋ" ಅಂತ ಮಗಳು ಬಡ್ಕೊಂಡ್ಲು, ಕೇಳ್ಲಿಲ್ಲ. ಬಸ್ಸು ನಮ್ಮನ್ನ ಪಿಯಾಟ್ಸಾಲೆ ರೋಮಾ ಅನ್ನೋ ಬಸ್ ನಿಲ್ದಾಣದಲ್ಲಿ ಇಳಿಸ್ತು, ಎದುರು ದಡದ ರೈಲ್ವೆ ಸ್ಟೇಷನ್ನಿಗೆ ಹೋಗ್ಬೇಕು, ಬುಕ್ಕಿನ ಮ್ಯಾಪಲ್ಲಿ ಊರಿನ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್ ಮೇಲೆ ಇದ್ದಿದ್ದು ಮೂರೇ ಸೇತುವೆ, ಸರಿ ಅಂತ ಪಾರ್ಕು ಬಳಸ್ಕೊಂಡು ಸ್ಕಾಲ್ಸಿ ಸೇತುವೆ ದಾಟಿ ಹೋದ್ವಿ. ಆಮೇಲೆ ನೋಡಿದ್ರೆ ಬಸ್ ನಿಂತಿದ್ದ ಜಾಗದ ಹತ್ರಾನೇ ನಾಲ್ಕನೇದು, 2008ರಲ್ಲೇ ಓಪನ್ ಆಗಿದ್ದು!

ಅಲ್ಲಿಗಾದ್ರೂ ಬುದ್ಧಿ ಬರ್ಬೇಕಿತ್ತು. ಮಧ್ಯಾಹ್ನ ಅದೇ ಬುಕ್ಕಲ್ಲಿದ್ದ ಒಂದು ವೆಜ್ ಹೋಟ್ಲು ಹುಡುಕ್ಕೊಂಡು ಹೊರಟ್ವಿ. ಅಡ್ರೆಸ್ ಅಂದ್ರೆ 'ಕಾಸ್ಟೆಲ್ಲೊ', ಪಕ್ಕದಲ್ಲಿ 5 ಸಾವಿರದ ಚಿಲ್ರೆ ನಂಬರು, ಅಷ್ಟೇ. ನಾನದನ್ನ ರಸ್ತೆ ಹೆಸರು ಅನ್ಕೊಂಡಿದ್ದೆ. ಅಲ್ಲ ಸ್ವಾಮಿ, ಅದೊಂದು ಇಡೀ ಬಡಾವಣೆ ಇದ್ದಂಗೆ, ಹಳೇ ವೆನಿಸ್‌ಗೆ ಇಂಥವು ಆರು, ಮನೆ ನಂಬರು ಬೀದಿ ಬೀದಿಗೂ 1ರಿಂದ ಶುರುವಾಗಲ್ಲ, ಇಡೀ ಭಾಗಕ್ಕೆ ಒಂದೇ ಲೆಕ್ಕ, ಕಾಸ್ಟೆಲ್ಲೊದಲ್ಲಿ ಅದು 6 ಸಾವಿರ ದಾಟುತ್ತೆ. ಬ್ಲಾಕು, ಕ್ರಾಸು ಏನೂ ಹೇಳ್ದೆ ಬರೀ 'ಜಯನಗರ, ನಂಬರ್ 5 ಸಾವಿರ' ಅಂದ್ರೆ ನಮ್ಮ ಆಟೋದವ್ರು ಏನಂತಾರೆ ಯೋಚ್ನೆ ಮಾಡಿ. ಒಂದು ಗಲ್ಲಿ ಹೋಗ್ತಾ ಹೋಗ್ತಾ ಸೀದಾ ನೀರಲ್ಲೇ ಮುಗೀತು, ಎತ್ತರದ ಗೋಡೆಗಳ ಮಧ್ಯೆ ಫೋನ್ ಮ್ಯಾಪಿನ ನೀಲಿ ಚುಕ್ಕೆ ಕಾಲುವೆ ಒಳಗೆ ತೇಲ್ತಿತ್ತು, ನಮ್ಮನೆಯವಳು ಮಾತು ನಿಲ್ಲಿಸಿದ್ಲು (ಇದು ಬೈಯೋದಕ್ಕಿಂತ ಭಯ). ಕೊನೆಗೆ ತರಕಾರಿ ಚೀಲ ಹಿಡ್ಕೊಂಡಿದ್ದ ಒಬ್ಬ ಅಜ್ಜಿ ನಂಬರ್ ನೋಡಿ, ಗಲ್ಲಿ ಹೆಸರಿಲ್ದೆ ಇದ್ಯಾರಿಗೂ ಗೊತ್ತಾಗಲ್ಲ ಅಂತ ಕೈಸನ್ನೆ ಮಾಡಿ, ತಾವೇ ನಾಲ್ಕು ಜನರನ್ನ ಕೇಳಿ ಕರ್ಕೊಂಡು ಹೋದ್ರು. ಹೋಟ್ಲಿದ್ದ ಜಾಗದಲ್ಲಿ ಮುಖವಾಡ ಮಾರೋ ಅಂಗಡಿ!

ಸೇತುವೆ ಮೆಟ್ಲ ಮೇಲೆ ಕೂತು ಚಪಾತಿ ಚಟ್ನಿಪುಡಿ ಬಿಚ್ಚಿದ್ವಿ, ಅಲ್ಲಿ ಹಂಗೆ ಕೂತು ತಿಂದ್ರೆ ದಂಡ ಅಂತ ದಾರೀಲಿ ಹೋಗೋರು ಹೇಳಿ ಎಬ್ಬಿಸಿದ್ರು. ಆಮೇಲೆ ಬುಕ್ಕು ಮುಚ್ಚಿಟ್ಟು ಗೋಡೆ ಮೇಲಿನ ಹಳದಿ ಬೋರ್ಡು ಹಿಡ್ಕೊಂಡು ನಡೆದ್ವಿ, 'ಪೆರ್ ರಿಯಾಲ್ಟೊ' ಅಂದ್ರೆ ರಿಯಾಲ್ಟೊ ಸೇತುವೆ ಕಡೆಗೆ, 'ಅಲ್ಲಾ ಫೆರೋವಿಯಾ' ಅಂದ್ರೆ ಸ್ಟೇಷನ್ ಕಡೆಗೆ. ಇದೊಂದು ಗೊತ್ತಿದ್ರೆ ಸಾಕಿತ್ತು.

ನಿಮ್ಮ ಲೇಖನದಲ್ಲಿ ಸೂರ್ಯಾಸ್ತ ಇತ್ತು, ಗೊಂಡೊಲಾ ಇತ್ತು, ಹಳದಿ ಬೋರ್ಡಿನ ಸುದ್ದಿ ಇಲ್ಲ. ಬೆಳಿಗ್ಗೆ ಹೋಗಿ ಸಂಜೆ ಬನ್ನಿ ಅಂತಾರೆ, ಹಾಗೆ ಬಂದು ಹೋಗೋರಿಗೆ 2024ರಿಂದ ಕೆಲವು ದಿನ ಪ್ರವೇಶ ಶುಲ್ಕ ಇದೆ ಅನ್ನೋದೂ ಇಲ್ಲ. ಪ್ರವಾಸ ಲೇಖನದ ಕೆಳಗೆ ಬರೆದೋರು ಯಾವ ವರ್ಷ ಹೋಗಿದ್ರು ಅಂತ ಒಂದು ಸಾಲು ಹಾಕ್ಸಿ ಸಾರ್.

– ಒಬ್ಬ ಹಳೇ ಓದುಗ, ಮೈಸೂರು