ಸುಮಾಳ ಓದಿನ ವಿಚಾರ

ಮಿನ್ನೆಸೋಟ
ಆಗಸ್ಟ್ 9

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ವಿದ್ಯಾ ಮಾಡುವ ನಮಸ್ಕಾರಗಳು. ಅಮ್ಮನಿಗೂ ನಮಸ್ಕಾರ. ನಾನು ಇಲ್ಲಿ ಕ್ಷೇಮ, ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಕಾಗದ ಬುಧವಾರ ಬಂತು. ಸುಮಾ ತಾನೂ ಇಕಾಲಜಿಯನ್ನೇ, ಅಂದರೆ ಜೀವಿಗಳಿಗೂ ಪರಿಸರಕ್ಕೂ ಇರುವ ಸಂಬಂಧದ ಶಾಸ್ತ್ರವನ್ನೇ, ಓದುತ್ತೇನೆಂದು ಹಟ ಹಿಡಿದಿರುವುದು, ಶ್ರೀಧರ ಮಾವ ಬಂದು ತಲೆ ಕೆಡಿಸಿಹೋದದ್ದು, ಕೊನೆಗೆ ನೀವು "ಒಬ್ಬಳು ಹುಲ್ಲು ಎಣಿಸೋಕೆ ಹೋಗಿದ್ದು ಸಾಕು, ಅವಳಿಗೆ ನೀನೇ ಬುದ್ಧಿ ಹೇಳು" ಎಂದು ಬರೆದಿರುವುದು, ಎಲ್ಲ ಎರಡೆರಡು ಸಲ ಓದಿದೆ. ಬೇಜಾರಿಲ್ಲ ಅಪ್ಪ. ಆದರೆ ಬೇಡ ಅಂತ ಅವಳಿಗೆ ಹೇಳಲು ನನ್ನಿಂದ ಆಗುವುದಿಲ್ಲ. ಹೇಗೆ ಹೋಗಬೇಕು ಅಂತ ಹೇಳಬಲ್ಲೆ. ಅದನ್ನು ಮೊದಲು ನಿಮಗೇ ಬರೆಯುತ್ತಿದ್ದೇನೆ.

ಹುಲ್ಲಿನ ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಸೀಡರ್ ಕ್ರೀಕ್ ಎಂಬ ಸಂಶೋಧನಾ ತಾಣದಲ್ಲಿ 1994ರಲ್ಲಿ ಶುರುವಾದ ಪ್ರಯೋಗದ 168 ತಾಕುಗಳಿವೆ. ಒಂದೊಂದೂ 9 ಮೀಟರ್ ಉದ್ದ, ಅಷ್ಟೇ ಅಗಲ. ಕೆಲವದರಲ್ಲಿ ಒಂದೇ ಜಾತಿಯ ಗಿಡ, ಕೆಲವದರಲ್ಲಿ ಎರಡು, ನಾಲ್ಕು, ಎಂಟು, ಹದಿನಾರು. ಬಿತ್ತದೇ ಇದ್ದದ್ದು ಮೊಳೆತರೆ ಕೀಳಬೇಕು. ಬೇಸಿಗೆಯಿಡೀ ಕಾಲೇಜು ಹುಡುಗರು ಮಂಡಿಯೂರಿ ಕಳೆ ತೆಗೆಯುತ್ತಾರೆ, ಅದಕ್ಕೆ ಸಂಬಳ ಉಂಟು! ಚಳಿ ಮುಗಿದ ಮೇಲೆ ತಾವೇ ಬೆಂಕಿ ಕೊಟ್ಟು ಒಣಹುಲ್ಲನ್ನು ಸುಡುತ್ತಾರೆ. ಬೆಂಕಿ ಬೀಳದಿದ್ದರೆ ಇಂಥ ಹುಲ್ಲುಗಾವಲನ್ನು ಮರಗಳು ನುಂಗಿಬಿಡುತ್ತವೆ. ಈ ವಾರ ನಮ್ಮ ಕೊಯ್ಲು. ಪ್ರತಿ ತಾಕಿನಲ್ಲೂ ಅಂಗೈ ಅಗಲದ ಪಟ್ಟಿಯನ್ನು ನೆಲಮಟ್ಟಕ್ಕೆ ಕತ್ತರಿಸಿ, ಜಾತಿವಾರು ಬೇರ್ಪಡಿಸಿ, ಒಣಗಿಸಿ ತೂಗುತ್ತೇವೆ. ಹೂ ಬಿಡದ ಹುಲ್ಲಿನ ಗುರುತು ಹಿಡಿಯುವುದೇ ಕಷ್ಟ. ಎಲೆ ಕಾಂಡವನ್ನು ಬಿಟ್ಟು ಹೊರಳುವ ಜಾಗವನ್ನು ಮೆಲ್ಲಗೆ ಬಗ್ಗಿಸಿ ನೋಡಬೇಕು. ಸ್ವಿಚ್‌ಗ್ರಾಸ್ ಆದರೆ ಅಲ್ಲಿ ಬಿಳಿ ರೋಮದ ಸಣ್ಣ ತ್ರಿಕೋನ ಇರುತ್ತದೆ. ಮೊದಲ ವರ್ಷ ಲೆನ್ಸ್ ಇಲ್ಲದೆ ಕಾಣುತ್ತಿರಲಿಲ್ಲ. ಈಗ ಹೆಬ್ಬೆರಳಲ್ಲಿ ಸವರಿದರೆ ಗೊತ್ತಾಗುತ್ತದೆ.

ಹೀಗೆ ವರ್ಷಾನುಗಟ್ಟಲೆ ತೂಗಿದ್ದರಿಂದಲೇ ತಿಳಿದದ್ದು: ಹದಿನಾರು ಜಾತಿಯ ತಾಕು ಒಂದೇ ಜಾತಿಯದಕ್ಕಿಂತ ಹೆಚ್ಚು ಬೆಳೆಯುತ್ತದೆ, ಆ ಅಂತರ ವರ್ಷ ಕಳೆದಂತೆ ಇನ್ನೂ ಹೆಚ್ಚುತ್ತದೆ. ಇಲ್ಲೇ ಇನ್ನೊಂದು ಹಳೆಯ ಪ್ರಯೋಗದಲ್ಲಿ, 1988ರ ಬರ ಬಿದ್ದಾಗ, ಹೆಚ್ಚು ಜಾತಿ ಇದ್ದ ತಾಕುಗಳೇ ಚೆನ್ನಾಗಿ ತಡೆದುಕೊಂಡವು. ಒಂದೆರಡು ವರ್ಷದ ಲೆಕ್ಕದಲ್ಲಿ ಇದು ಕಾಣುವುದಿಲ್ಲ ಅಪ್ಪ. ಪ್ರತಿ ವರ್ಷವೂ ಯಾರಾದರೂ ಕೂತು ಎಣಿಸಬೇಕು. ಈ ವರ್ಷ ಎಣಿಸುವವರಲ್ಲಿ ನಾನೂ ಒಬ್ಬಳು ಅನ್ನುವುದು ನನಗೆ ಹೆಮ್ಮೆ.

ಈಗ ದುಡ್ಡಿನ ವಿಚಾರ. ನಿಮ್ಮ ನಿಜವಾದ ಆತಂಕ ಅದೇ ಅಂತ ಗೊತ್ತು. ನನ್ನ ಪಿಎಚ್‌ಡಿಗೆ ನಾನು ಫೀಸು ಕಟ್ಟುತ್ತಿಲ್ಲ. ವಾರಕ್ಕೆ 20 ಗಂಟೆ ಡಿಗ್ರಿ ಹುಡುಗರಿಗೆ ಲ್ಯಾಬ್ ತೆಗೆದುಕೊಳ್ಳುತ್ತೇನೆ, ಇಲ್ಲವೇ ಪ್ರಾಜೆಕ್ಟಿನ ಕೆಲಸ ಮಾಡುತ್ತೇನೆ. ಅದಕ್ಕೆ ಫೀಸು ಮನ್ನಾ, ಸ್ಟೈಪೆಂಡ್, ಆರೋಗ್ಯ ವಿಮೆ. ಸ್ವೀಡನ್, ನಾರ್ವೆ, ನೆದರ್ಲೆಂಡ್ಸ್ ಕಡೆಯಂತೂ ಪಿಎಚ್‌ಡಿ ಎಂದರೆ ಸಂಬಳದ ನೌಕರಿಯೇ. ಜನ ಎಡವುವುದು ಮಾಸ್ಟರ್ಸ್‌ನಲ್ಲಿ. ಸಾಲ ಮಾಡಿ ಎರಡು ವರ್ಷದ ಎಂಎಸ್‌ಗೆ ಹೊರದೇಶಕ್ಕೆ ಬರುವುದು ಖಂಡಿತ ಬೇಡ. ಈ ಶಾಸ್ತ್ರದಲ್ಲಿ ಆ ಸಾಲ ತೀರಿಸುವಂಥ ಸಂಬಳ ಬೇಗ ಸಿಗುವುದಿಲ್ಲ. ಇದೊಂದನ್ನು ಅವಳಿಗೆ ನಾನೇ ಗಟ್ಟಿಯಾಗಿ ಹೇಳುತ್ತೇನೆ.

ಮುಂದೆ ಕೆಲಸ? ಸುಳ್ಳು ಹೇಳುವುದಿಲ್ಲ. ಪ್ರೊಫೆಸರ್ ಹುದ್ದೆಗಳು ಕಡಿಮೆ. ಅದಕ್ಕೂ ಮೊದಲು ಪೋಸ್ಟ್‌ಡಾಕ್ ಅಂತ, ಪಿಎಚ್‌ಡಿ ಮುಗಿದ ಮೇಲಿನ ತಾತ್ಕಾಲಿಕ ಸಂಶೋಧನೆಯ ಕೆಲಸಕ್ಕೆ, ಕೆಲವು ವರ್ಷ ಊರೂರು ಅಲೆಯಬೇಕು. ಹೋದ ವರ್ಷ ನಾನು ಹಾಕಿದ್ದ ಒಂದು ಫೆಲೋಶಿಪ್ ಅರ್ಜಿ ತಿರಸ್ಕಾರವಾಯಿತು, ನಿಮಗೆ ಆಗ ಹೇಳಲಿಲ್ಲ. ಮೂರು ರಾತ್ರಿ ನಿದ್ದೆ ಹತ್ತಲಿಲ್ಲ. ಆಮೇಲೆ ನನ್ನ ಗೈಡ್ ಇಲ್ಲಿಯ ಸೀಡರ್ ಬಾಗ್ ಕೆರೆಯ ಹತ್ತಿರ ಕರೆದುಕೊಂಡು ಹೋದರು. ಬಿಸಿಲಿನ ಶಕ್ತಿ ಪಾಚಿಯಿಂದ ಹುಳಕ್ಕೆ, ಹುಳದಿಂದ ಅದನ್ನು ತಿನ್ನುವ ಪ್ರಾಣಿಗೆ ಹೇಗೆ ದಾಟುತ್ತದೆ, ದಾರಿಯಲ್ಲಿ ಎಷ್ಟು ಸೋರುತ್ತದೆ ಎಂದು ರೇಮಂಡ್ ಲಿಂಡೆಮನ್ ಎಂಬ ವಿಜ್ಞಾನಿ ಲೆಕ್ಕ ಹಾಕಿದ್ದು ಈ ಪುಟ್ಟ ಕೆರೆಯಲ್ಲೇ. ಆ ಲೇಖನವನ್ನೂ ಮೊದಲು ಬೇಡ ಅಂದಿದ್ದರು, 1942ರಲ್ಲಿ ಅಚ್ಚಾಯಿತು. ಇವತ್ತಿಗೂ ನಮಗೆಲ್ಲ ಅದು ಪಾಠ. ನನ್ನ ಅರ್ಜಿಯನ್ನೂ ತಿದ್ದಿ ಮತ್ತೆ ಹಾಕಿದ್ದೇನೆ.

ಪ್ರೊಫೆಸರ್ ಆಗುವುದೊಂದೇ ದಾರಿಯಲ್ಲ. ನನಗಿಂತ ಮುಂಚೆ ಮುಗಿಸಿದ ನಾಲ್ವರಲ್ಲಿ ಒಬ್ಬರು ಮಾತ್ರ ಪಾಠ ಮಾಡುತ್ತಾರೆ. ಒಬ್ಬರು ಸರ್ಕಾರದ ಅರಣ್ಯ ಸಂಶೋಧನೆಯಲ್ಲಿದ್ದಾರೆ, ಒಬ್ಬರು ಉಪಗ್ರಹ ಚಿತ್ರಗಳಿಂದ ಕಾಡಿನ ಇಂಗಾಲ ಲೆಕ್ಕ ಹಾಕುವ ಕಂಪನಿಯಲ್ಲಿ, ಇನ್ನೊಬ್ಬರು ಆಸ್ಪತ್ರೆಯ ಅಂಕಿಅಂಶದ ಕೆಲಸದಲ್ಲಿ. ಆ ಕೊನೆಯವರ ಕೈ ಹಿಡಿದದ್ದು ಸಂಖ್ಯಾಶಾಸ್ತ್ರ. ಅದಕ್ಕೇ ಸುಮಾಗೆ ಹೇಳಿ: ಹಕ್ಕಿಗಳ ಹೆಸರು ಎಷ್ಟು ಬೇಕಾದರೂ ಕಲಿಯಲಿ, ಆದರೆ ಸಂಖ್ಯಾಶಾಸ್ತ್ರ, ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಪ್ರೋಗ್ರಾಮಿಂಗ್, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ಬಿಡಬಾರದು.

ಅವಳು ಇಷ್ಟು ದೂರ ಬರಬೇಕೆಂದೇನೂ ಇಲ್ಲ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲೂ ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಕೇಂದ್ರದಲ್ಲೂ ವನ್ಯಜೀವಿ ಎಂಎಸ್ಸಿ ಇದೆ. ಐಐಎಸ್ಸಿಯಲ್ಲಿ 1983ರಿಂದ ಇಕಾಲಜಿಗೇ ಒಂದು ಕೇಂದ್ರವಿದೆ. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಅರ್ಹತೆ, ಸಿಕ್ಕರೆ ಪಿಎಚ್‌ಡಿಗೆ ಸರ್ಕಾರವೇ ಫೆಲೋಶಿಪ್ ಕೊಡುತ್ತದೆ. ಇದಕ್ಕೆಲ್ಲ ಮೊದಲು ಒಂದು ವರ್ಷ ಯಾರದಾದರೂ ಪ್ರಾಜೆಕ್ಟಿನಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಲಿ. ಮಳೆಯಲ್ಲಿ ನೆನೆದು, ಜಿಗಣೆ ಕಚ್ಚಿಸಿಕೊಂಡು, ರಾತ್ರಿ ಕೂತು ಡೇಟಾ ತುಂಬಿ, ಬೆಳಿಗ್ಗೆ ಮತ್ತೆ ಹೊರಡುವ ಮನಸ್ಸು ಉಳಿದಿದ್ದರೆ ದಯವಿಟ್ಟು ತಡೆಯಬೇಡಿ. ಆದರೆ "ಅನುಭವ ಆಗುತ್ತೆ" ಅಂತ ಸಂಬಳವಿಲ್ಲದೆ ತಿಂಗಳುಗಟ್ಟಲೆ ದುಡಿಸಿಕೊಳ್ಳುವವರ ಹತ್ತಿರ ಹೋಗಕೂಡದು. ಒಪ್ಪುವ ಮೊದಲು ನನ್ನನ್ನು ಕೇಳಲಿ.

ಅಮ್ಮಾ, ನೀನು ಉಣುಗಿನ ಬಗ್ಗೆ ಕೇಳಿದ್ದೀಯ. ಇದು ಮಂಗನ ಕಾಯಿಲೆಯ ಉಣುಗಲ್ಲ. ಇಲ್ಲಿಯದು ಲೈಮ್ ಅಂತ ಬೇರೆ ಕಾಯಿಲೆ ಹರಡುತ್ತದೆ, ಅದೂ ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ. ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿಕೊಂಡೇ ಹೋಗುತ್ತೇನೆ, ಸಂಜೆ ತಲೆಯಿಂದ ಕಾಲಿನವರೆಗೂ ನೋಡಿಕೊಳ್ಳುತ್ತೇನೆ, ಒಂದು ದಿನವೂ ತಪ್ಪಿಸಿಲ್ಲ. ನಾನು ಚೆನ್ನಾಗಿದ್ದೇನೆ. ನಿಜವಾಗಿಯೂ ಚೆನ್ನಾಗಿದ್ದೇನೆ. ಕೈಯಲ್ಲಿ ದುಡ್ಡಿದೆ, ಸಾಲವಿಲ್ಲ, ಜೊತೆಯವರು ಒಳ್ಳೆಯವರು, ಜ್ವರ ನೆಗಡಿ ಏನೂ ಇಲ್ಲ. ಅಪ್ಪನಿಗೂ ಅದನ್ನೇ ಹೇಳು.

ಒಣಗಲು ಇಟ್ಟ ಹುಲ್ಲು ತೆಗೆಯುವ ಹೊತ್ತಾಯಿತು, ಹೊರಗೆ ಗಾಡಿ ಕಾಯುತ್ತಿದೆ. ಉಳಿದದ್ದು ಭಾನುವಾರ ಫೋನಿನಲ್ಲಿ.

ನಿಮ್ಮ
ವಿದ್ಯಾ

ಸುಮಾಗೆ ಗಣಿತದಲ್ಲಿ ಎಷ್ಟು ಬಂತು ಅಂತ ನೀವು ಬರೆದೇ ಇಲ್ಲ. ತಿಳಿಸಿ.