ಎಲ್ಲರ ಸಹಿಯೂ ಇದೆ ಎಂದು ಬರೆದ ಸುಮಾಳಿಗೆ

ಚಿ. ಸುಮಾಳಿಗೆ ನಿನ್ನ ಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಮನೆಯ ಸಮಾಚಾರವೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ನಿಲ್ದಾಣಕ್ಕೆ, ಗಾಡಿಯ ಹಳಿ ಬದಲಿಸುವ ಪಾಯಿಂಟನ್ನೂ ಸಿಗ್ನಲ್ಲನ್ನೂ ಒಂದಕ್ಕೊಂದು ವಿರುದ್ಧವಾಗದಂತೆ ಕಂಪ್ಯೂಟರಿನಲ್ಲಿ ಕಟ್ಟಿಹಾಕುವ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ಬರುತ್ತಿರುವುದು, ಅದರ ಬೆನ್ನಿಗೇ ರೈಲು ಡಿಕ್ಕಿ ತಡೆಯುವ ಕವಚ್ ಬರಲಿರುವುದು, ಎಲ್ಲ ಓದಿ ಸಂತೋಷವಾಯಿತು. ಆದರೆ ಕೊನೆಯ ಪುಟದಲ್ಲಿ ನೀನು ಬರೆದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ: "ಎಲ್ಲರ ಸಹಿಯೂ ಇದೆ ಮಾವ, ಎಲ್ಲವನ್ನೂ ನೋಡಿದವರು ಮಾತ್ರ ಯಾರೂ ಇಲ್ಲ."

ಹೆದರಬೇಡ ಎಂದು ಬರೆಯೋಣವೆಂದು ಕೂತೆ. ಆಗಲಿಲ್ಲ. ಸಿಗ್ನಲ್ ಕೆಲಸದಲ್ಲಿ ಹೆದರಬೇಕಾದ ಜಾಗ ಯಾವುದೋ ಅದನ್ನೇ ನೀನು ಬೆರಳಿಟ್ಟು ತೋರಿಸಿದ್ದೀಯ.

ಇಐ, ಅಂದರೆ ಆ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್, ಕೊಟ್ಟ ಕಂಪನಿಯವರು ಕಾರ್ಖಾನೆಯಲ್ಲೇ ಲಾಜಿಕ್ ಪರೀಕ್ಷೆ ಮಾಡಿ ತೋರಿಸುತ್ತಾರೆ. ಅಲ್ಲಿ ಸಿಮ್ಯುಲೇಟರಿನ ಸ್ವಿಚ್ಚು ತಿರುಗಿಸಿ "ಪಾಯಿಂಟ್ ನಾರ್ಮಲ್" ಎಂದರೆ ಅದು ನಾರ್ಮಲ್ಲೇ. ಹೊರಗಿನ ತಂತಿ ಆ ಪರೀಕ್ಷೆಯಲ್ಲಿ ಇಲ್ಲವೇ ಇಲ್ಲ. ಕೇಬಲ್ ಗುತ್ತಿಗೆದಾರ ತನ್ನ ಕೇಬಲ್ಲಿನ ಇನ್ಸುಲೇಷನ್ ಅಳೆದು, ಕಂಟಿನ್ಯೂಟಿ ನೋಡಿ ಸಹಿ ಮಾಡುತ್ತಾನೆ. ಆ ತಂತಿ ಯಾವ ಮಾತನ್ನು ಹೊತ್ತೊಯ್ಯುತ್ತದೆ ಎನ್ನುವುದು ಅವನಿಗೆ ಬೇಡ. ನಿರ್ಮಾಣ ವಿಭಾಗದವರಿಗೆ ದಿನಾಂಕದ ಚಿಂತೆ. ನಿರ್ವಹಣೆಯವರ ಕೈಗೆ ಕೊನೆಗೆ ಬೀಗದ ಕೈ ಬರುತ್ತದೆ. ಒಬ್ಬರ ಕೆಲಸ ಮುಗಿದು ಇನ್ನೊಬ್ಬರದು ಶುರುವಾಗುವ, ತಂತಿಗಳು ಕೂಡುವ ಟರ್ಮಿನಲ್ ಇದೆಯಲ್ಲ, ಅದು ಯಾರದ್ದೂ ಅಲ್ಲ. ನಿನ್ನ ಸಾಲು ಹೇಳುತ್ತಿರುವುದು ಆ ಟರ್ಮಿನಲ್ಲಿನ ಬಗ್ಗೆ.

ಕವಚ್ ಇದ್ದರೆ ಸಾಕು ಎಂದು ಸಭೆಯಲ್ಲಿ ಯಾರೋ ಹೇಳಿದರಂತೆ. ಅದು ನಿಜವಾಗಿ ಒಳ್ಳೆಯ ಕೆಲಸ, ಅದರ ಬಗ್ಗೆ ನನಗೆ ಹಗುರ ಮಾತಿಲ್ಲ. ಹಳಿಯ ಮೇಲಿನ ಆರ್‌ಎಫ್‌ಐಡಿ ಟ್ಯಾಗನ್ನು ಓದಿ ಎಂಜಿನ್ ತಾನೆಲ್ಲಿದ್ದೇನೆಂದು ತಿಳಿದುಕೊಳ್ಳುತ್ತದೆ, ನಿಲ್ದಾಣದಿಂದ ರೇಡಿಯೊದಲ್ಲಿ ಅನುಮತಿ ಬರುತ್ತದೆ, ಲೋಕೋ ಪೈಲಟ್ ಕೆಂಪನ್ನು ದಾಟಹೊರಟರೆ ತಾನೇ ಬ್ರೇಕ್ ಹಾಕುತ್ತದೆ. ಬೇರೆ ಬೇರೆ ಕಂಪನಿಗಳು ಮಾಡಿದ ಪೆಟ್ಟಿಗೆಗಳು ಒಂದೇ ಭಾಷೆ ಆಡುವಂತೆ ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಮಾನದಂಡ ಬರೆದದ್ದೂ ಸಣ್ಣ ಸಾಧನೆಯಲ್ಲ. ಆದರೆ ಸಿಗ್ನಲ್ ಹಸಿರು ಎಂಬ ಸುದ್ದಿ ಕವಚಿಗೆ ಎಲ್ಲಿಂದ ಬರಬೇಕು? ಅದೇ ಇಂಟರ್‌ಲಾಕಿಂಗಿನಿಂದ. ಒಳಗೆ ಒಂದು ತಂತಿ ಸುಳ್ಳು ಹೇಳಿದರೆ, ಆ ಸುಳ್ಳನ್ನು ಕವಚ್ ನಂಬಿಕೆಯಿಂದ ಎಂಜಿನ್ನಿಗೆ ತಲುಪಿಸುತ್ತದೆ.

2023ರ ಜೂನ್ 2ರ, ಒಡಿಶಾದ ಬಹನಗಾ ಬಜಾರ್ ರೈಲು ಅಪಘಾತ ನಿನಗೆ ಗೊತ್ತಿರುವುದೇ. ಸಿಗ್ನಲ್ ಮುಖ್ಯ ಮಾರ್ಗಕ್ಕೆ ಹಸಿರು, ಪಾಯಿಂಟ್ ಪಕ್ಕದ ಲೂಪ್ ಹಳಿಗೆ. ಉತ್ತರದ ಗುಮ್ಟಿಯಲ್ಲಿ (ಸಿಗ್ನಲ್ ಉಪಕರಣಗಳ ಗೂಡು) ಹಿಂದೆಂದೋ ಮಾಡಿದ ಸರ್ಕ್ಯೂಟ್ ಬದಲಾವಣೆಯಲ್ಲಿನ ಲೋಪ, ಮತ್ತು 94ನೇ ಲೆವೆಲ್ ಕ್ರಾಸಿಂಗ್ ಗೇಟಿನ ಎಲೆಕ್ಟ್ರಿಕ್ ಬ್ಯಾರಿಯರ್ ಬದಲಿಸುವಾಗಿನ ಲೋಪ, ಇವೆರಡೂ ಸೇರಿ ಹಾಗಾಯಿತೆಂದು ಸುರಕ್ಷತಾ ಆಯುಕ್ತರ ತನಿಖೆ ಹೇಳಿತು. ಹಳೆಯ ಕೆಲಸ ಸುಮ್ಮನೆ ಕಾದು ಕೂತಿತ್ತು, ಹೊಸ ಕೆಲಸದವರು ಹಳೆಯ ಗುರುತನ್ನು ನಂಬಿದರು. ಅದಕ್ಕೂ ನಾಲ್ಕು ತಿಂಗಳ ಹಿಂದೆ, ಫೆಬ್ರವರಿ 8ರಂದು, ನಮ್ಮ ಹೊಸದುರ್ಗ ರೋಡ್‌ನಲ್ಲಿ ಪಾಯಿಂಟ್ ತಪ್ಪು ಮಾರ್ಗಕ್ಕೆ ಇದ್ದದ್ದನ್ನು ಲೋಕೋ ಪೈಲಟ್ ಕಣ್ಣಾರೆ ಕಂಡು ಗಾಡಿ ನಿಲ್ಲಿಸಿದ್ದ. ಅನುಮತಿಯ ಮೆಮೊ ಇಲ್ಲದೆ ಹಳಿ ಪಕ್ಕದ ವೈರಿಂಗ್ ಪೆಟ್ಟಿಗೆ, ಲೊಕೇಶನ್ ಬಾಕ್ಸ್, ತೆರೆಯುವ ಅಭ್ಯಾಸದ ಬಗ್ಗೆ ವಲಯದ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ ಎಚ್ಚರಿಸಿ ಪತ್ರ ಬರೆದರು. ಎಚ್ಚರಿಕೆ ಕಾಗದದಲ್ಲಿತ್ತು, ಸುಮಾ. ಅಲ್ಲೂ ಸಹಿ ಇತ್ತು.

ಕ್ಲಾಪ್‌ಹ್ಯಾಮ್ ಜಂಕ್ಷನ್ನಿನ ಅಪಘಾತದ ವಿಷಯವನ್ನು ತರಬೇತಿಯಲ್ಲಿ ನಿಮಗೆ ಎಷ್ಟು ಹೇಳಿದರೋ ತಿಳಿಯದು. ನಾನಂತೂ ಯಾರು ಸಿಕ್ಕರೂ ಅದನ್ನೇ ಹೇಳುತ್ತೇನೆ, ಬೇಸರಿಸಬೇಡ. ಲಂಡನ್ನಿನಲ್ಲಿ 1988ರ ನವೆಂಬರ್ 27ರ ಭಾನುವಾರ ಸಿಗ್ನಲ್ ನಡೆಸುವ ವಿದ್ಯುತ್ ಸ್ವಿಚ್ಚುಗಳ, ಅಂದರೆ ರಿಲೇಗಳ, ರೂಮಿನಲ್ಲಿ ಹೊಸ ವೈರಿಂಗ್ ಮಾಡಿದರು. ಹಳೆಯ ತಂತಿಯ ಒಂದು ತುದಿ ಫ್ಯೂಸಿನಲ್ಲೇ ಉಳಿಯಿತು, ಇನ್ನೊಂದು ತುದಿಯನ್ನು ಬಿಡಿಸಿ ಪಕ್ಕಕ್ಕೆ ಬಗ್ಗಿಸಿದರು, ಕತ್ತರಿಸಲಿಲ್ಲ. ಎರಡು ವಾರದ ನಂತರ, ಡಿಸೆಂಬರ್ 11ರಂದು, ಪಕ್ಕದ ರಿಲೇ ಬದಲಿಸುವಾಗ ಆ ತಂತಿ ಅಲುಗಿ ಹಳೆಯ ಟರ್ಮಿನಲ್ಲಿಗೇ ತಾಗಿತು. ಮರುದಿನ ಬೆಳಿಗ್ಗೆ ಗಾಡಿ ನಿಂತಿರುವ ಟ್ರ್ಯಾಕನ್ನು ಖಾಲಿ ಎಂದು ಅದು ಹೇಳಿತು. ಹಿಂದಿನಿಂದ ಬಂದ ಗಾಡಿ ನಿಂತಿದ್ದ ಗಾಡಿಗೆ ಗುದ್ದಿ 35 ಜನ ಸತ್ತರು. ವೈರಿಂಗ್ ಮಾಡಿದ ತಂತ್ರಜ್ಞ ಹಿಂದಿನ ಹದಿಮೂರು ವಾರಗಳಲ್ಲಿ ಒಂದೇ ಒಂದು ದಿನ ರಜೆ ಪಡೆದಿದ್ದ.

ನೋಡು, ನವೆಂಬರ್ 27ರಂದು ಎಂಥ ಫಂಕ್ಷನ್ ಟೆಸ್ಟ್ ಮಾಡಿದ್ದರೂ ಪಾಸಾಗುತ್ತಿತ್ತು. ತಂತಿ ಅಂದು ತಾಗಿರಲೇ ಇಲ್ಲ. ಅದನ್ನು ಹಿಡಿಯುವುದು ವೈರ್ ಕೌಂಟ್ ಒಂದೇ: ನಕ್ಷೆಯಲ್ಲಿ ಈ ಟರ್ಮಿನಲ್ಲಿಗೆ ಎರಡು ತಂತಿ ಎಂದಿದ್ದರೆ ಕಣ್ಣೆದುರು ಎರಡೇ ಇರಬೇಕು, ಮೂರನೆಯದು ಪಕ್ಕದಲ್ಲಿ ತೂಗುತ್ತಿರಬಾರದು. ಎಣಿಸುವವರು ಜೋಡಿಸಿದವರಾಗಿರಬಾರದು. ಬಹನಗಾದಂಥ ತಪ್ಪಿಗೆ ಇದು ಸಾಲದು, ಅಲ್ಲಿ ತಂತಿಗಳ ಲೆಕ್ಕ ಸರಿಯಿದ್ದೂ ಮಾತು ತಪ್ಪಿರಬಹುದು. ಅದಕ್ಕೆ ಕರೆಸ್ಪಾಂಡೆನ್ಸ್ ಟೆಸ್ಟ್ ಬೇಕು. ಒಬ್ಬ ಪಾಯಿಂಟಿನ ಪಕ್ಕ ನಿಂತು ಅದರ ಚಲಿಸುವ ಹಳಿ, ಬ್ಲೇಡು, ಎತ್ತ ಕೂತಿದೆಯೆಂದು ನೋಡಿ ಹೇಳಬೇಕು, ಇನ್ನೊಬ್ಬ ಪ್ಯಾನೆಲ್ ನೋಡಿ ಹೇಳಬೇಕು. ಪ್ಯಾನೆಲ್ಲಿನವನು ಮೊದಲು "ನಾರ್ಮಲ್ ಬಂತಲ್ಲ?" ಎಂದು ಕೇಳಬಾರದು, ಹಾಗೆ ಕೇಳಿದರೆ ಅಲ್ಲಿಂದ "ಹೂಂ" ಎಂದೇ ಬರುತ್ತದೆ. ಮೋಟರಿನ ಶಬ್ದ ಕೇಳಿ ಹೇಳುವವರೂ ಇದ್ದಾರೆ. ಒಂದು ಹಳಿಯಿಂದ ಇನ್ನೊಂದಕ್ಕೆ ದಾಟಿಸುವ ಕ್ರಾಸೋವರಿನ ಎರಡು ತುದಿಗೂ ಜನ ಇರಲಿ.

ಲಿವರ್ ಫ್ರೇಮಿನ ಕಾಲದಲ್ಲಿ ಇಂಟರ್‌ಲಾಕಿಂಗ್ ಎಂದರೆ ಕಬ್ಬಿಣ. ಮುಚ್ಚಳ ತೆಗೆದರೆ ಟ್ಯಾಪೆಟ್ಟು, ಅದರ ಕಚ್ಚು, ಕಚ್ಚಿಗೆ ಕೂರುವ ಡಾಗು, ಎಲ್ಲ ಕಣ್ಣಿಗೆ ಕಾಣುತ್ತಿತ್ತು. ಹುಡುಗನೊಬ್ಬ ಒಂದು ಮಧ್ಯಾಹ್ನ ಕೂತರೆ ಯಾವ ಲಿವರ್ ಯಾವುದನ್ನು ಹಿಡಿಯುತ್ತದೆಂದು ತಾನೇ ಕಲಿಯಬಹುದಿತ್ತು. ರಿಲೇ ಬಂದ ಮೇಲೂ ಕ್ಯೂ ಸರಣಿಯ ರಿಲೇ ಫೀಡ್ ಹೋದರೆ ತನ್ನ ಭಾರಕ್ಕೇ ಬೀಳುತ್ತಿತ್ತು, ಕಾರ್ಬನ್ ಕಾಂಟ್ಯಾಕ್ಟ್ ಬೆಸೆದುಕೊಳ್ಳುತ್ತಿರಲಿಲ್ಲ. ಗಾಜಿನಾಚೆ ಅದು ಬೀಳುವುದನ್ನು ನೋಡುವ ನೆಮ್ಮದಿಯೇ ಬೇರೆ. ಎಲ್ಲವನ್ನೂ ನೋಡಿದವರು ಆಗ ಇದ್ದರು ಎಂದು ನಿನಗೆ ಅನ್ನಿಸಬಹುದು. ಇದ್ದರು. ಆದರೆ ನೋಡಿದ್ದನ್ನು ತಲೆಯಲ್ಲೇ ಇಟ್ಟುಕೊಂಡರು. ಯಾವ ಬಾಕ್ಸಿನಲ್ಲಿ ಕೇಬಲ್ಲಿನ ಯಾವ ಖಾಲಿ ತಂತಿಯನ್ನು, ಸ್ಪೇರ್ ಕೋರನ್ನು, ಯಾವ ಮಳೆಗಾಲದಲ್ಲಿ ಬಳಸಿಕೊಂಡರೆಂದು ಬಾಯಲ್ಲಿ ಹೇಳುತ್ತಿದ್ದರು, ನಕ್ಷೆಗೆ ಏರಿಸುತ್ತಿರಲಿಲ್ಲ. ನಮ್ಮ ಪೀಳಿಗೆ ಆ ನೆನಪನ್ನು ಹಾಗೇ ಹೊತ್ತುಕೊಂಡು ನಿವೃತ್ತವಾಯಿತು. ನಿನ್ನ ಆ ಸಾಲು ಓದಿದಾಗ ಚುಚ್ಚಿದ್ದು ಅದೇ.

ಬುದ್ಧಿ ಹೇಳುವಷ್ಟು ಹೊಸದು ನನ್ನಲ್ಲಿ ಇಲ್ಲ. ಇಐ ನಿನಗೇ ಹೆಚ್ಚು ಗೊತ್ತು. ಆದರೂ ಕೈ ಸುಮ್ಮನಿರುವುದಿಲ್ಲ.

ಲೇಬಲ್ ನಂಬಬೇಡ. ಬದಲಾವಣೆಗೆ ಸಿಕ್ಕುವ ಪ್ರತಿ ಕೋರನ್ನೂ ಎರಡೂ ತುದಿ ಬಿಡಿಸಿ ಅದೇ ತಂತಿಯೇ ಎಂದು ಬೆಲ್ ಟೆಸ್ಟ್ ಮಾಡಿಸು; ಅದು ಗಾಡಿ ತಡೆದು ಕೆಲಸಕ್ಕೆ ಕೊಡುವ ಸಮಯ, ಬ್ಲಾಕ್, ಸಿಕ್ಕಾಗಲೇ, ಸಿಗ್ನಲ್ ಸಂಪರ್ಕ ಬಿಡಿಸುವ ಟಿ-351 ಮೆಮೊಗೆ ಸ್ಟೇಷನ್ ಮಾಸ್ಟರ್ ಸಹಿ ಬಿದ್ದ ಮೇಲೆಯೇ. ಲೊಕೇಶನ್ ಬಾಕ್ಸಿನ ನಕ್ಷೆ, ನಿಲ್ದಾಣದ ನಕ್ಷೆ, ಕಚೇರಿಯ ನಕ್ಷೆ ಮೂರರ ಆವೃತ್ತಿ ಸಂಖ್ಯೆಯೂ ದಿನಾಂಕವೂ ಒಂದೇ ಇವೆಯೇ ನೋಡು. ಬೇರೆಯಿದ್ದರೆ ಅಂದು ಕೆಲಸ ಬೇಡ. ಇಐ ಒಳಗೆ ಹಾಕಿದ ಸಾಫ್ಟ್‌ವೇರಿನ ಚೆಕ್‌ಸಮ್ (ತಾಳೆ ನೋಡುವ ಸಂಖ್ಯೆ) ಅನುಮೋದನೆಯ ಕಾಗದದಲ್ಲಿ ಇರುವುದೇ ಎಂದು ನೀನೇ ಪರದೆಯಲ್ಲಿ ಓದು. ತೆಗೆದ ತಂತಿಯನ್ನು ಟೇಪ್ ಸುತ್ತಿ ಬಿಡಬೇಡಿ. ಎರಡೂ ತುದಿ ಬಿಡಿಸಿ ಹೊರಗೆಳೆಯಿರಿ, ಎಳೆಯಲಾಗದಿದ್ದರೆ ಗಿಡ್ಡ ಕತ್ತರಿಸಿ ತಲೆ ಮುಚ್ಚಿ. ಪರೀಕ್ಷೆಗೆಂದು ಹಾಕುವ ಲೂಪ್ ತಂತಿಗಳು ಒಂದೇ ಎದ್ದುಕಾಣುವ ಬಣ್ಣದವಿರಲಿ, ನಂಬರ್ ಇರಲಿ. ಒಳಗೆ ಹೋದದ್ದು ಆರಾದರೆ ಆರೂ ಹೊರಗೆ ಬರುವವರೆಗೆ ರೀಕನೆಕ್ಷನ್, ಅಂದರೆ ಮತ್ತೆ ಬಳಕೆಗೆ ಒಪ್ಪಿಸುವ ಮೆಮೊ, ಕೊಡಬೇಡ. ಪಾಯಿಂಟಿಗೆ 5 ಮಿ.ಮೀ. ಅಡ್ಡಿ ಪರೀಕ್ಷೆಯನ್ನು ಬ್ಲೇಡಿನ ತುದಿಯಿಂದ 150 ಮಿ.ಮೀ.ನಲ್ಲಿ ಇಟ್ಟೇ ಮಾಡಿಸು, ಅಂದಾಜಿನಲ್ಲಲ್ಲ. ಅಡ್ಡಿಯಿದ್ದಾಗ ಪಾಯಿಂಟ್ ಲಾಕ್ ಆಗಬಾರದು, ಸರಿಯಾಗಿ ಕೂತಿದೆ ಎಂಬ ಡಿಟೆಕ್ಷನ್ ಬರಬಾರದು.

ಮತ್ತೆ ಆ ಸಾಲಿಗೇ ಬರುತ್ತೇನೆ. ಎಲ್ಲವನ್ನೂ ನೋಡುವ ಒಬ್ಬ ಮನುಷ್ಯ ಇನ್ನು ಸಿಗುವುದಿಲ್ಲ, ಇಐ ಅಷ್ಟು ದೊಡ್ಡದು. ಒಂದು ಮಾರ್ಗವನ್ನಾದರೂ ಮೊದಲಿಂದ ಕೊನೆಯವರೆಗೆ ಒಟ್ಟಿಗೆ ನೋಡಬಹುದು, ಅಷ್ಟೇ ನನಗೆ ತೋಚುವುದು. ಯಾವ ಮಾರ್ಗಕ್ಕೆ ಏನೇನು ಬೇಕೆಂದು ಹೇಳುವ ಸೆಲೆಕ್ಷನ್ ಟೇಬಲ್ಲಿನ ಒಂದು ಸಾಲು ಹಿಡಿದು ಇಐ ಕಂಪನಿಯವನು, ಕೇಬಲ್ಲಿನವನು, ನಿರ್ಮಾಣದವನು, ನಿರ್ವಹಣೆಯವನು, ಕವಚಿನವನು ಎಲ್ಲರೂ ಪ್ಯಾನೆಲ್ ಬಟನ್ನಿನಿಂದ ಪಾಯಿಂಟಿನವರೆಗೆ ನಡೆಯಿರಿ. ಗುತ್ತಿಗೆಯ ಗಡಿ ಟರ್ಮಿನಲ್ ಬಂದಾಗ ಆಚೆಯವನೂ ಈಚೆಯವನೂ ಅದೇ ತಂತಿಯ ಹೆಸರನ್ನು ತಂತಮ್ಮ ಕಾಗದದಿಂದ ಗಟ್ಟಿಯಾಗಿ ಓದಲಿ. ಎರಡು ಹೆಸರು ಹೊರಬಿದ್ದರೆ ಆ ದಿನದ ಸಂಬಳ ದಕ್ಕಿತು ಅಂದುಕೋ. ಸಹಿಯ ಪಕ್ಕ "ನೋಡಿದ್ದು ಇಷ್ಟು, ನೋಡದ್ದು ಇಷ್ಟು" ಎಂದು ಬರೆಯುವ ಜಾಗ ಕೇಳು. ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಬ್ಲಾಕ್ ನಾಲ್ಕು ಗಂಟೆಯದಾದರೆ ಎರಡೂವರೆ ಗಂಟೆಗೆ ಒಂದು ಗೆರೆ ಎಳೆದಿಟ್ಟುಕೋ. ಅಷ್ಟರೊಳಗೆ ಜೋಡಣೆ ಮುಗಿದು ಪರೀಕ್ಷೆಗೆ ಕೈ ಹಾಕಿಲ್ಲವೆಂದರೆ ಹಳೆಯದನ್ನೇ ಕೂರಿಸಿ ಬಾ. ಕೂರಿಸಿದ ಹಳೆಯದಕ್ಕೂ ಪೂರ್ತಿ ಪರೀಕ್ಷೆ ಬೇಕು, ಅದನ್ನು ಮರೆಯುತ್ತಾರೆ. ಹಿಂದಿನ ರಾತ್ರಿಯೂ ಕೆಲಸ ಮಾಡಿದವನ ಕೈಗೆ ಅಂದು ಸ್ಕ್ರೂಡ್ರೈವರ್ ಕೊಡಬೇಡ, ನೀನೂ ಹಿಡಿಯಬೇಡ. ಜನ ಇಲ್ಲ ಎನ್ನುತ್ತೀಯ, ಗೊತ್ತು. ನಾನಿಲ್ಲಿ ಕೂತು ಹೇಳುವುದು ಸುಲಭ.

ಯಾವ ಗೇಟಿನ ಕೆಲಸ ಮೊದಲು ಎಂದು ಬರೆ. ಸಾಧ್ಯವಾದರೆ ಅದರ ಟರ್ಮಿನಲ್ ಶೀಟಿನ ಹೆಸರು ಪಟ್ಟಿಯನ್ನೂ ಓದಿ ಹೇಳು, ಕಿವಿಗಾದರೂ ಹಾಕಿಕೊಳ್ಳುತ್ತೇನೆ.

ಇಂತಿ ನಿನ್ನ ಮಾವ

ತಾ.ಕ.: ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್ ಹಾಕುವ ಮೊದಲು ಇಐ ಕಾರ್ಡುಗಳ ಕಡೆಯ ಲಿಂಕ್ ಬಿಡಿಸಿರುವುದನ್ನು ಖಾತ್ರಿ ಮಾಡಿಕೋ. ಕಾರ್ಡು ಸುಟ್ಟರೆ ಅವಸರದಲ್ಲಿ ಬದಲಿ ಹಾಕುತ್ತಾರೆ, ಬದಲಿ ಹಾಕಿದ ಮೇಲೆ ಆ ಕಾರ್ಡಿನ ಇನ್‌ಪುಟ್‌ಗಳನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ.